ಒಂದು ಅಕ್ಷರ, ಮೂರು ಗಂಟೆ: ದಾದರಿನ ಚೀನೀ ಲಿಪಿ ತರಗತಿಯ ವಿಮರ್ಶೆ

ದಾದರ್ ಪಶ್ಚಿಮದ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ಚೀನೀ ಲಿಪಿಯ ತರಗತಿಯೊಂದು ನಡೆಯುತ್ತದೆ. ಅದಕ್ಕೆ ಫಲಕವಿಲ್ಲ, ಜಾಹೀರಾತಿಲ್ಲ. ಹಿಂದೆ ಹೋಗಿಬಂದವರ ಮಾತು ಕೇಳಿಯೇ ಹೊಸಬರು ಸೇರುತ್ತಾರೆ. ಕಲಿಸುವ ಮೇಡಂ ತಮ್ಮ ಹೆಸರು ಹೊರಗೆ ಬರುವುದನ್ನು ಇಷ್ಟಪಡುವುದಿಲ್ಲವಾದ್ದರಿಂದ ನಾನೂ ಅದನ್ನು ಬರೆಯುತ್ತಿಲ್ಲ. ಇಲ್ಲಿನ ಪದ್ಧತಿಯೆಂದರೆ ಒಂದು ಭಾನುವಾರಕ್ಕೆ ಒಂದೇ ಅಕ್ಷರ. ಅದು ಎಲ್ಲಿ ಹುಟ್ಟಿತು, ಅದಕ್ಕೆ ಯಾವ ಯಾವ ಅರ್ಥಗಳು ಹೇಗೆ ಕೂಡಿಕೊಂಡವು, ಯಾವ ಸೀಮೆಯವರು ಅದನ್ನು ಹೇಗೆ ಓದುತ್ತಾರೆ ಎಂಬುದನ್ನು ಮೂರು ಗಂಟೆ ಬಿಡಿಸಿ ಹೇಳಿ, ಕೊನೆಗೆ ಕುಂಚ ಹಿಡಿಸಿ ಬರೆಸುತ್ತಾರೆ. ಶುಲ್ಕ 900 ರೂಪಾಯಿ. ಚೀನೀ ಭಾಷೆ ಮೊದಲೇ ಬಲ್ಲವರಾಗಿರಬೇಕೆಂದಿಲ್ಲ. ನಾನು ಹೋದದ್ದು 'ಶಿಂಗ್' ಎಂದೂ 'ಹಾಂಗ್' ಎಂದೂ ಓದಲಾಗುವ ಒಂದು ಅಕ್ಷರದ ತರಗತಿಗೆ. ಹುಟ್ಟು ಮತ್ತು ಅರ್ಥದ ಭಾಗ ಕೊಟ್ಟ ದುಡ್ಡಿಗೆ ಮೋಸವಿಲ್ಲದಂತಿತ್ತು. ಉಚ್ಚಾರಣೆಯ ಭಾಗ ಅರ್ಧಕ್ಕೇ ನಿಂತಿತು. ಕೈಗೆ ಕೊಟ್ಟ ಹಾಳೆಗಳನ್ನಂತೂ ತಿದ್ದಿ ಮತ್ತೆ ಮುದ್ರಿಸುವುದೇ ಒಳ್ಳೆಯದು.

ನನಗೆ ಈ ಅಕ್ಷರದ ಮೇಲೆ ಕುತೂಹಲ ಹುಟ್ಟಿದ್ದು ಕೆಲಸದ ದೆಸೆಯಿಂದ. ಬ್ಯಾಂಕಿನ ವಿದೇಶ ವ್ಯಾಪಾರ ವಿಭಾಗದಲ್ಲಿ ಕುಳಿತವರ ಮೇಜಿನ ಮೇಲೆ ಗ್ವಾಂಗ್‌ಡಾಂಗ್ ಮತ್ತು ಝೆಜಿಯಾಂಗ್ ಪ್ರಾಂತಗಳಿಂದ ಬಂದ ಇನ್‌ವಾಯ್ಸ್‌ಗಳಿಗೆ ಬರವಿಲ್ಲ. ಅವುಗಳ ಮೇಲೆ ಕೆಂಪು ಶಾಯಿಯ ದುಂಡು ಮುದ್ರೆಗಳಿರುತ್ತವೆ. ನಡುವೆ ಒಂದು ನಕ್ಷತ್ರ, ಅಂಚಿನುದ್ದಕ್ಕೂ ಕಮಾನಿನಂತೆ ಬಾಗಿದ ಅಕ್ಷರಗಳು. ಬ್ಯಾಂಕುಗಳ ಹೆಸರು ಯಾವುದೇ ಇರಲಿ, ಕೊನೆಯ ಅಕ್ಷರ ಮಾತ್ರ ಒಂದೇ ಆಗಿರುತ್ತದೆ. ಅದರಲ್ಲಿರುವುದು ಆರೇ ಗೆರೆ. ಎಡ ಅರ್ಧದಲ್ಲಿ ಒಂದರ ಕೆಳಗೊಂದು ಎಡಕ್ಕೆ ಇಳಿಯುವ ಎರಡು ಓರೆಗೆರೆಗಳು, ಅವುಗಳ ಕೆಳಗೆ ನೇರವಾಗಿ ನಿಂತ ಒಂದು ಕಂಬ. ಬಲ ಅರ್ಧದಲ್ಲಿ ಅಡ್ಡಲಾಗಿ ಎರಡು ಗೆರೆಗಳು, ಕೆಳಗಿನ ಅಡ್ಡಗೆರೆಯಿಂದ ಇಳಿಬಿದ್ದು ತುದಿಯಲ್ಲಿ ಎಡಕ್ಕೆ ಕೊಕ್ಕೆ ತಿರುಗಿಸಿದ ಮತ್ತೊಂದು ಕಂಬ. ಬೆಳ್ಳಿ ಎಂಬ ಅರ್ಥದ 'ಯಿನ್' ಅಕ್ಷರದ ಪಕ್ಕದಲ್ಲಿ ಇದನ್ನಿಟ್ಟರೆ 'ಯಿನ್‌ಹಾಂಗ್', ಅಂದರೆ ಬ್ಯಾಂಕು. ಆದರೆ ನಿಘಂಟಿನಲ್ಲಿ ಇದೇ ಅಕ್ಷರಕ್ಕೆ ಮೊದಲು ಸಿಗುವ ಅರ್ಥ 'ನಡೆ'. ನಡೆಯುವುದಕ್ಕೂ ಬ್ಯಾಂಕಿಗೂ ಎಲ್ಲಿಯ ಸಂಬಂಧ ಎಂಬ ಪ್ರಶ್ನೆಯೇ ನನ್ನನ್ನು ಆ ಮಹಡಿ ಹತ್ತಿಸಿತು.

ಮೇಡಂ ಪಾಠ ಮಾಡುವುದು ಮುಂಬಯಿಯ ಎಲ್ಲ ತರಗತಿಗಳಲ್ಲಿ ನಡೆಯುವ ಹಿಂದಿ, ಮರಾಠಿ, ಇಂಗ್ಲಿಷ್‌ಗಳ ಬೆರಕೆಯಲ್ಲಿ. ಅವರು ಇಂದಿನ ಅಕ್ಷರದಿಂದ ಆರಂಭಿಸಲಿಲ್ಲ. ಬಿಳಿ ಹಲಗೆಯ ಮೇಲೆ ಮೂರು ಸಾವಿರ ವರ್ಷಗಳಿಗೂ ಹಿಂದಿನ ರೂಪವನ್ನು ಬರೆದು, ಇದೇನೆಂದು ಹೇಳಿ ಎಂದು ಕೇಳಿ ಸುಮ್ಮನೆ ನಿಂತರು. ಮೇಲಿನಿಂದ ಕೆಳಕ್ಕೆ ಎರಡು ಗೆರೆಗಳ ಒಂದು ಓಣಿ, ಎಡದಿಂದ ಬಲಕ್ಕೆ ಇನ್ನೊಂದು ಓಣಿ, ನಡುವೆ ತೆರೆದ ಚೌಕ. ಹಿಂದಿನ ಸಾಲಿನ ಹುಡುಗನೊಬ್ಬ, 'ಹಾ ತರ್ ನಾಕಾ ಆಹೇ' ಎಂದ. ನಾಲ್ಕು ದಾರಿ ಕೂಡುವ ಜಾಗಕ್ಕೆ ಮುಂಬಯಿಯಲ್ಲಿ ನಾಕಾ ಎನ್ನುವುದು ವಾಡಿಕೆ, ಮತ್ತು ಆ ಉತ್ತರ ಸರಿಯಾಗಿಯೇ ಇತ್ತು. ಶಾಂಗ್ ರಾಜರ ಕಾಲದಲ್ಲಿ ಶಕುನ ಕೇಳಲು ಆಮೆಯ ಹೊಟ್ಟೆಚಿಪ್ಪು ಮತ್ತು ದನದ ಹೆಗಲೆಲುಬುಗಳ ಮೇಲೆ ಕೊರೆದ ಬರಹಗಳಲ್ಲಿ ಈ ಅಕ್ಷರ ನಿಚ್ಚಳವಾದ ನಾಲ್ದಾರಿಯ ನಕ್ಷೆಯಾಗಿದೆ. ಆ ಎಲುಬುಗಳ ಮೇಲಿರುವುದು ಪುರಾತನ ಬರಹವೆಂದು 1899ರಲ್ಲಿ ಗುರುತಿಸಿದವರು ವಾಂಗ್ ಯಿರಾಂಗ್ ಎಂಬ ವಿದ್ವಾಂಸ ಅಧಿಕಾರಿ. ಅವು ಸಿಕ್ಕ ಹೆನಾನ್ ಪ್ರಾಂತದ ಆನ್‌ಯಾಂಗ್‌ನಲ್ಲಿ ಕ್ರಮಬದ್ಧ ಉತ್ಖನನ ಆರಂಭವಾದದ್ದು 1928ರಲ್ಲಿ.

ತರಗತಿಯ ಅತ್ಯುತ್ತಮ ಭಾಗ ಇದರ ನಂತರ ಬಂದಿತು. ಚೀನೀ ಅಕ್ಷರಗಳ ಮೂಲವನ್ನು ಕಥೆ ಕಟ್ಟಿ ಹೇಳುವ ಚಾಳಿ ಎಲ್ಲೆಡೆ ಇದೆ. ಮೊಬೈಲಿನ ಕಿರು ವಿಡಿಯೊಗಳಲ್ಲಿ ಅದು ಹೇರಳವಾಗಿ ಸಿಗುತ್ತದೆ, ಮತ್ತು ಬಹುಪಾಲು ನಂಬುವಂಥದ್ದಲ್ಲ. ಈ ಅಕ್ಷರಕ್ಕೂ ಅಂಥದೊಂದು ಕಥೆಯಿದೆ: ಎಡ ಅರ್ಧ ಎಡಗಾಲಿನ ಹೆಜ್ಜೆ, ಬಲ ಅರ್ಧ ಬಲಗಾಲಿನ ಹೆಜ್ಜೆ, ಎರಡೂ ಸೇರಿದರೆ ನಡಿಗೆ ಎಂದು. ಇದು ಯಾರೋ ಮೊನ್ನೆ ಹುಟ್ಟಿಸಿದ ಕಥೆಯಲ್ಲ, ಹಾನ್ ರಾಜವಂಶದ ಕಾಲದ ವಿದ್ವಾಂಸ ಶೂ ಶೆನ್ ಕ್ರಿ.ಶ. 100ರಲ್ಲಿ ಮುಗಿಸಿದ ಮಹಾ ನಿಘಂಟೇ ಈ ಅಕ್ಷರವನ್ನು ನಡಿಗೆಯ ಎರಡು ತುಂಡುಗಳಾಗಿ ವಿವರಿಸಿದೆ ಎಂಬುದನ್ನು ಮೇಡಂ ಮುಚ್ಚಿಡಲಿಲ್ಲ. ಶೂ ಶೆನ್ ಕಾಲಕ್ಕೆ ಆ ಎಲುಬುಗಳು ಮಣ್ಣಿನಡಿ ಸೇರಿ ಸಾವಿರಕ್ಕೂ ಹೆಚ್ಚು ವರ್ಷಗಳಾಗಿದ್ದವು. ಅವನ ಕಣ್ಣ ಮುಂದಿದ್ದ ರೂಪದಲ್ಲಿ ನಾಲ್ದಾರಿ ಆಗಲೇ ಎರಡು ಹೋಳಾಗಿತ್ತು. ಕಣ್ಣಿಗೆ ಕಂಡದ್ದನ್ನು ಆಧರಿಸಿ ಅವನು ಆ ಹೋಳುಗಳಿಗೂ ಬೇರೆ ಬೇರೆ ಹೆಸರು ಮತ್ತು ಅರ್ಥ ಕೊಟ್ಟ: ಎಡದ್ದು 'ಚ್', ಬಲದ್ದು 'ಚೂ'. ತಮಾಷೆಯೆಂದರೆ ದಾರಿಯ ನಕ್ಷೆ ಮುರಿದು ಹುಟ್ಟಿದ ಈ ಎರಡು ತುಂಡುಗಳು ಸೇರಿ, ಮುಂದಕ್ಕೆ ಹೋಗಲಾರದೆ ನಿಂತು ನಿಂತು ಹೆಜ್ಜೆ ಹಾಕುವುದು ಎಂಬ ಅರ್ಥದ ಪದವೊಂದು ಚೀನೀ ಸಾಹಿತ್ಯದಲ್ಲಿ ಇಂದಿಗೂ ಬಳಕೆಯಲ್ಲಿದೆ. ಪ್ರಾಚೀನ ಪ್ರಮಾಣವೊಂದು ತಪ್ಪೆಂದು ತೋರಿಸುತ್ತಲೇ ಅದು ಏಕೆ ಹಾಗಾಯಿತೆಂದು ಗೌರವದಿಂದ ವಿವರಿಸಿದ ಈ ಅರ್ಧ ಗಂಟೆಗಾಗಿಯೇ ನಾನು ಈ ತರಗತಿಯನ್ನು ಇನ್ನೊಬ್ಬರಿಗೆ ಹೇಳುತ್ತೇನೆ.

ನಾಲ್ದಾರಿಯೆಂದು ತಿಳಿದ ಮೇಲೆ ಇನ್ನೂ ಎಷ್ಟೋ ಅಕ್ಷರಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಎರಡು ಹೋಳುಗಳ ನಡುವಿನ ತೆರಪಿನಲ್ಲಿ ಬೇರೊಂದು ಗುರುತನ್ನು ಕೂರಿಸಿದರೆ ಬೀದಿ ಎಂಬ ಅಕ್ಷರ. ಊರಿನ ಸುತ್ತ ಪಹರೆ ತಿರುಗುವ ಪಾದಗಳನ್ನು ಕೂರಿಸಿದರೆ ಕಾವಲು. ತಲೆಯನ್ನು ಕೂರಿಸಿದರೆ ಪ್ರಾಚೀನ ಕಂಚಿನ ಪಾತ್ರೆಗಳ ಬರಹದಲ್ಲಿ ಕಾಣುವ 'ದಾವ್', ಚೀನೀ ತತ್ತ್ವಜ್ಞ ಲಾವೋತ್ಸೆಯ ಹೆಸರಿನೊಡನೆ ಲೋಕಪ್ರಸಿದ್ಧವಾದ ಆ ದಾರಿ. ಎಡ ಅರ್ಧವೊಂದೇ ಇದ್ದರೂ ಸಾಕು, ಆ ಅಕ್ಷರಕ್ಕೆ ಚಲನೆಯೊಡನೆ ಏನೋ ಸಂಬಂಧವಿದೆಯೆಂದು ಊಹಿಸಬಹುದು. 1716ರ ಕಾಂಗ್‌ಶಿ ನಿಘಂಟು ಅಕ್ಷರಗಳನ್ನು 214 ಗುಂಪುಗಳಾಗಿ ವಿಂಗಡಿಸುವಾಗ ಇಡೀ ನಾಲ್ದಾರಿಗೊಂದು ಗುಂಪನ್ನೂ ಅದರ ಎಡ ಹೋಳಿಗೆ ಇನ್ನೊಂದು ಗುಂಪನ್ನೂ ಕೊಟ್ಟಿದೆ. ಚೀನಾ ಮುಖ್ಯಭೂಮಿಯ ಸರಳೀಕೃತ ಲಿಪಿಯಲ್ಲಿ ಕಾವಲಿನ ಅಕ್ಷರದಿಂದ ದಾರಿ ಮಾಯವಾಗಿದೆ, ಬೀದಿಯಲ್ಲಿ ಉಳಿದಿದೆ.

ಅರ್ಥಗಳ ವಿಷಯಕ್ಕೆ ಬಂದಾಗ ಕನ್ನಡದವರಿಗೆ ಒಂದು ಅನುಕೂಲವಿದೆ. ದಾರಿಯಿಂದ ನಡಿಗೆ, ನಡಿಗೆಯಿಂದ ನಡತೆ, ಕೊನೆಗೆ 'ಆಗಬಹುದು' ಎಂಬ ಒಪ್ಪಿಗೆ, ಹೀಗೆ ಈ ಅಕ್ಷರ ಸಾಗಿದೆ. ಇಂದಿನ ಚೀನೀ ಆಡುಮಾತಿನಲ್ಲಿ ಬರೀ 'ಶಿಂಗ್' ಎಂದರೆ 'ಸರಿ, ನಡೆಯುತ್ತದೆ' ಎಂದರ್ಥ. 'ಬೂ ಶಿಂಗ್' ಎಂದರೆ 'ನಡೆಯುವುದಿಲ್ಲ'. ನಡೆ, ನಡತೆ, ನಡವಳಿಕೆ, 'ಅದೆಲ್ಲ ಇಲ್ಲಿ ನಡೆಯಲ್ಲ' ಎಂದು ದಿನ ಬೆಳಗಾದರೆ ಹೇಳುವ ನಮಗೆ ಇದನ್ನು ಬಾಯಿಪಾಠ ಮಾಡಬೇಕಾದ ಅಗತ್ಯವೇ ಬೀಳಲಿಲ್ಲ. ಮರಾಠಿಯವರೂ ತಮ್ಮ 'ಚಾಲೇಲ್' ನೆನೆದು ತಲೆಯಾಡಿಸಿದರು. ಕಟ್ಟಿಗೆ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಐದನ್ನು ಚೀನೀಯರು 'ವೂ ಶಿಂಗ್' ಎನ್ನುವಾಗಲೂ ಈ ಅಕ್ಷರವೇ ಬರುತ್ತದೆ. ಅದನ್ನು ಪಂಚಭೂತವೆಂದು ಅನುವಾದಿಸುವುದಕ್ಕಿಂತ, ಒಂದರಿಂದೊಂದಕ್ಕೆ ಸಾಗುವ ಐದು ನಡೆಗಳೆಂದು ತಿಳಿಯುವುದು ಮೂಲಕ್ಕೆ ಹತ್ತಿರ.

ಬೌದ್ಧ ಗ್ರಂಥಗಳ ಉದಾಹರಣೆಯನ್ನು ಮೇಡಂ ಎರಡೇ ವಾಕ್ಯದಲ್ಲಿ ಮುಗಿಸಿದರು. ನನಗೆ ಅದು ಇನ್ನಷ್ಟು ಬೇಕಿತ್ತು. ಇಮ್ಮಡಿ ಪುಲಿಕೇಶಿಯ ನಾಡನ್ನು ಕಂಡು ಬರೆದಿಟ್ಟ ಹ್ಯೂಯೆನ್ ತ್ಸಾಂಗ್‌ನದೆಂದು ಪರಂಪರೆ ಹೇಳುವ ಪ್ರಜ್ಞಾಪಾರಮಿತಾ ಹೃದಯ ಸೂತ್ರದ ಚೀನೀ ಅನುವಾದ ಕೇವಲ 260 ಅಕ್ಷರಗಳಷ್ಟು. ಅದರ ಮೊದಲ ಸಾಲಿನಲ್ಲಿ ಬೋಧಿಸತ್ತ್ವನು ಆಳವಾದ ಪ್ರಜ್ಞೆಯ ಸಾಧನೆಯಲ್ಲಿ ತೊಡಗಿದ್ದಾನೆ ಎನ್ನುವಲ್ಲಿ ಸಂಸ್ಕೃತದ 'ಚರ್ಯಾ'ಕ್ಕೆ ಈ ಅಕ್ಷರವನ್ನು ಬಳಸಲಾಗಿದೆ. ಕೆಲವೇ ಸಾಲುಗಳ ನಂತರ ರೂಪ, ವೇದನಾ, ಸಂಜ್ಞಾ, ಸಂಸ್ಕಾರ, ವಿಜ್ಞಾನ ಎಂಬ ಐದು ಸ್ಕಂಧಗಳು ಬಂದಾಗ 'ಸಂಸ್ಕಾರ'ಕ್ಕೂ ಇದೇ ಅಕ್ಷರ. ಒಂದೇ ಪುಟದಲ್ಲಿ ಎರಡು ಸಂಸ್ಕೃತ ಶಬ್ದಗಳ ಭಾರವನ್ನು ಒಂದೇ ಅಕ್ಷರ ಹೊತ್ತಿರುವಾಗ, ಎಲ್ಲಿ ಯಾವುದು ಎಂಬುದನ್ನು ಓದುಗನು ಸಂದರ್ಭದಿಂದಲೇ ಗ್ರಹಿಸಬೇಕು. ಸಂಸ್ಕೃತ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಓದಬಲ್ಲ ನಮ್ಮಂಥ ವಿದ್ಯಾರ್ಥಿಗಳಿಗೆ ಇದಕ್ಕೆ ಕಾಲು ಗಂಟೆಯಾದರೂ ಕೊಡಬಹುದಿತ್ತು.

ಇನ್ನು ಬ್ಯಾಂಕಿನ ಕಥೆ. ನನ್ನ ಪಕ್ಕದಲ್ಲಿ ಕುಳಿತಿದ್ದವರು ಮಸ್ಜಿದ್ ಬಂದರಿನಲ್ಲಿ ಪಾತ್ರೆ ಸಾಮಾನುಗಳ ಸಗಟು ವ್ಯಾಪಾರ ಮಾಡುವ ಮಂಗಳೂರು ಕಡೆಯವರು. ಝೆಜಿಯಾಂಗ್‌ನ ಸಗಟು ಪೇಟೆ ಯೀವುವಿನಿಂದ ಮಾಲು ತರಿಸುತ್ತಾರೆ. ಅವರು ಬಿಡುವಿನಲ್ಲಿ ನನ್ನ ಕಡೆಗೆ ಬಾಗಿ, 'ಈ ನಡೆಯುವುದೆಲ್ಲ ನಮಗೆ ಯಾಕೆ ಮಾರಾಯ್ರೆ, ಅಂಗಡಿ, ಬ್ಯಾಂಕು ಇಷ್ಟು ಹೇಳಿದರೆ ಸಾಕಿತ್ತಲ್ಲ' ಎಂದರು. ಆದರೆ ಅಂಗಡಿ ಹುಟ್ಟಿದ್ದೂ ಆ ದಾರಿಯಿಂದಲೇ. ನೇರ ದಾರಿಯೆಂದರೆ ಒಂದು ಗೆರೆ, ಗೆರೆಯೆಂದರೆ ಸಾಲು. ಮೊದಲು ಸೈನಿಕರ ಸಾಲು: ಪ್ರಾಚೀನ ಪಡೆಗಳಲ್ಲಿ 25 ಜನರ ತುಕಡಿಗೆ 'ಹಾಂಗ್' ಎನ್ನುತ್ತಿದ್ದರು. ನಂತರ ಪೇಟೆಯ ಸಾಲು. ತಾಂಗ್ ರಾಜವಂಶದ ಕಾಲದ ನಗರಗಳಲ್ಲಿ ಒಂದೇ ಬಗೆಯ ಮಾಲು ಮಾರುವವರು ಒಂದೇ ಸಾಲಿನಲ್ಲಿ ಅಂಗಡಿ ಇಡುತ್ತಿದ್ದರು, ಚಿನ್ನಕ್ಕೆ ಝವೇರಿ ಬಜಾರ್, ಬಟ್ಟೆಗೆ ಮಂಗಲ್‌ದಾಸ್ ಮಾರ್ಕೆಟ್, ಬಿಜಲಿ ಸಾಮಾನಿಗೆ ಲೋಹಾರ್ ಚಾಳ್ ಎಂದು ನಮ್ಮಲ್ಲಿ ಇರುವ ಹಾಗೆಯೇ. ಸಾಲಿನ ಹೆಸರು ಆ ಕಸುಬಿನವರ ಸಂಘಕ್ಕೆ ಬಂದಿತು, ಸಂಘದಿಂದ ಕಸುಬಿಗೆ, ಕಸುಬಿನಿಂದ ದೊಡ್ಡ ವ್ಯಾಪಾರದ ಕೋಠಿಗೆ. ದೊಡ್ಡ ವ್ಯವಹಾರಗಳೆಲ್ಲ ಬೆಳ್ಳಿಯಲ್ಲೇ ನಡೆಯುತ್ತಿದ್ದ ನಾಡಿನಲ್ಲಿ ಹಣದ ಕೋಠಿ 'ಬೆಳ್ಳಿಯ ಹಾಂಗ್' ಆದದ್ದು ಸಹಜ. ಒಂದೊಂದು ಕಸುಬಿಗೂ ಅದರದೇ ಜಗತ್ತಿದೆ ಎನ್ನಲು ಚೀನೀಯರು 'ಮುನ್ನೂರ ಅರವತ್ತು ಹಾಂಗ್‌ಗಳು' ಎನ್ನುತ್ತಾರೆ. ಬಲ್ಲವನು 'ಹಾಂಗ್' ಒಳಗಿನವನು, ಅರಿಯದವನು ಹೊರಗಿನವನು.

ಮುಂಬಯಿಯಲ್ಲಿ ಕುಳಿತು ಈ ಅಕ್ಷರವನ್ನು ಕಲಿಸುವವರು ಹೇಳಲೇಬೇಕಾಗಿದ್ದ ಒಂದು ಸಂಗತಿಯನ್ನು ಮೇಡಂ ಎತ್ತಲೇ ಇಲ್ಲ, ಅದೇ ನನ್ನ ದೊಡ್ಡ ತಕರಾರು. 1757ರಿಂದ 1842ರ ನಾನ್‌ಜಿಂಗ್ ಒಪ್ಪಂದದವರೆಗೆ ಚೀನಾದಲ್ಲಿ ಪಾಶ್ಚಾತ್ಯರ ಸಮುದ್ರ ವ್ಯಾಪಾರಕ್ಕೆ ತೆರೆದಿದ್ದ ಬಂದರು ಕ್ಯಾಂಟನ್ (ಇಂದಿನ ಗ್ವಾಂಗ್‌ಝೌ) ಒಂದೇ, ಮತ್ತು ಅಲ್ಲಿ ಹೊರಗಿನ ವರ್ತಕರು ಪರವಾನಗಿ ಪಡೆದ ಕೆಲವೇ ಚೀನೀ ಕೋಠಿಗಳ ಮೂಲಕ ವ್ಯವಹರಿಸಬೇಕಾಗಿತ್ತು. ಆ ಕೋಠಿಗಳೇ 'ಹಾಂಗ್'ಗಳು. ಈ ಅಕ್ಷರಕ್ಕೆ ಅಲ್ಲಿನ ಮಾತಾದ ಕ್ಯಾಂಟನೀಸ್‌ನಲ್ಲಿರುವ 'ಹೊಂಗ್' ಎಂಬ ಉಚ್ಚಾರಣೆ ಹಾಗೆಯೇ ಇಂಗ್ಲಿಷಿಗೂ ಸೇರಿತು. ಮುಂಬಯಿಯ ಹತ್ತಿ ಮತ್ತು ಮಾಳವದ ಅಫೀಮು ಹಡಗೇರಿ ಹೋಗುತ್ತಿದ್ದದ್ದು ಅಲ್ಲಿಗೇ. ಆ ವ್ಯಾಪಾರದಿಂದ ಅಪಾರ ಹಣ ಗಳಿಸಿದವರಲ್ಲಿ ಪ್ರಮುಖರು ಜಮ್‌ಶೆಟ್‌ಜಿ ಜೀಜೀಭಾಯ್, ಜೆ.ಜೆ. ಆಸ್ಪತ್ರೆ, ಜೆ.ಜೆ. ಕಲಾಶಾಲೆಗಳ ಹೆಸರಿನಲ್ಲಿರುವವರು ಅವರೇ. 1805ರಲ್ಲಿ ಫ್ರೆಂಚರು ಹಿಡಿದ ಬ್ರನ್ಸ್‌ವಿಕ್ ಹಡಗಿನಲ್ಲಿ ಅವರಿಗೆ ಪರಿಚಯವಾದ ವೈದ್ಯ ವಿಲಿಯಂ ಜಾರ್ಡೀನ್ ಮುಂದೆ ಚೀನಾ ವ್ಯಾಪಾರದ ದೊಡ್ಡ ಕೋಠಿಯೊಂದನ್ನು ಕಟ್ಟಿದಾಗ, ಇಬ್ಬರ ಪಾಲುಗಾರಿಕೆ ಎರಡೂ ಬಂದರುಗಳಿಗೆ ಹಣದ ಹೊಳೆ ಹರಿಸಿತು. ಬೈಕುಳಾದ ಆಸ್ಪತ್ರೆಯ ಮುಂದೆ ದಿನವೂ ಬಸ್ಸಿಳಿಯುವವರಿಗೆ ಈ ಅಕ್ಷರ ತಮ್ಮ ಊರಿನ ಚರಿತ್ರೆಗೂ ಸೇರಿದ್ದೆಂದು ತಿಳಿದರೆ ಅದು ಇನ್ನೆಂದೂ ಮರೆಯುವುದಿಲ್ಲ. ಒಬ್ಬರು, ಹಾಂಗ್‌ಕಾಂಗ್‌ನ ಹಾಂಗ್ ಇದೇ ಏನು ಎಂದು ಕೇಳಿದರು. ಅದು ಪರಿಮಳ ಎಂಬ ಅರ್ಥದ ಬೇರೆಯೇ ಅಕ್ಷರ ಎಂಬ ಉತ್ತರ ಸರಿಯಾಗಿತ್ತು, ಆದರೆ ಮಾತು ಕೋಠಿಗಳ ಕಡೆಗೆ ಹೊರಳಬಹುದಾಗಿದ್ದ ಆ ಅವಕಾಶವೂ ಕೈತಪ್ಪಿತು.

ಉಚ್ಚಾರಣೆಯ ಪಾಠ ನಿರಾಶೆ ತಂದಿತು. ಮೊದಲ ಕಾರಣ ತೀರಾ ಲೌಕಿಕವಾದದ್ದು: ಕೋಣೆಯ ಮೂರು ಫ್ಯಾನುಗಳೂ ಏಕಕಾಲಕ್ಕೆ ಕಿರುಗುಟ್ಟುವಾಗ ದನಿಯ ಏರಿಳಿತವನ್ನು ಕಲಿಯುವುದು ಸಾಧ್ಯವಿಲ್ಲ. ಚೀನಾದ ಅಧಿಕೃತ ಮಾತಾದ ಮ್ಯಾಂಡರಿನ್‌ನಲ್ಲಿ 'ಶಿಂಗ್' ಮತ್ತು 'ಹಾಂಗ್' ಎರಡೂ ಎರಡನೆಯ ಟೋನ್‌ನವು, ಅಂದರೆ ಕೆಳಗಿನಿಂದ ಮೇಲಕ್ಕೆ ಏರುವಂಥವು. ಎರಡನೆಯ ಕಾರಣ, ಹಾಳೆಯಲ್ಲಿ ಎಲ್ಲವನ್ನೂ ದೇವನಾಗರಿಯಲ್ಲಿ ಬರೆದು ಟೋನ್ ಗುರುತುಗಳನ್ನು ಬಿಟ್ಟುಬಿಟ್ಟದ್ದು. ಮನೆಗೆ ಒಯ್ದು ಓದುವವರಿಗೆ ಅದರಿಂದ ಉಪಯೋಗವಿಲ್ಲ. 'ಶಿಂಗ್'ನ ಮೊದಲ ದನಿ ನಮ್ಮ 'ಶಿ'ಗೆ ಹತ್ತಿರವೇ ಹೊರತು ಷಕಾರವಲ್ಲ; ನಾಲಗೆಯ ತುದಿಯನ್ನು ಕೆಳಹಲ್ಲಿನ ಹಿಂದೆ ಇಟ್ಟು ನಡುನಾಲಗೆಯನ್ನು ಎತ್ತಬೇಕು. ಮೇಡಂ ಇದನ್ನು ಬಾಯಲ್ಲಿ ಮಾಡಿ ತೋರಿಸಿದರು, ಅದು ಮುಂದಿನ ಸಾಲಿನವರಿಗೆ ಮಾತ್ರ ಕಂಡಿತು.

ಒಂದೇ ಅಕ್ಷರಕ್ಕೆ ಎರಡು ಓದು ಏಕೆ ಎಂಬ ಪ್ರಶ್ನೆಗೆ 'ಅದು ಹಾಗೆಯೇ' ಎಂಬ ಉತ್ತರ ಸಿಕ್ಕಿತು. ಉತ್ತರ ಇಲ್ಲದೆ ಇಲ್ಲ. ಪ್ರಾಚೀನ ಚೀನೀ ಉಚ್ಚಾರಣೆಯನ್ನು ಪುನಾರಚಿಸಿರುವ ವಿದ್ವಾಂಸರ ಪ್ರಕಾರ ನಡೆ ಎಂಬ ಅರ್ಥದ ಮಾತು ಸ್ಥೂಲವಾಗಿ 'ಗ್ರಾಂಗ್', ಸಾಲು ಎಂಬ ಅರ್ಥದ್ದು 'ಗಾಂಗ್'. ನಡುವೆ ಇದ್ದದ್ದು ಒಂದು ರಕಾರದ ವ್ಯತ್ಯಾಸ. ಆ ರಕಾರ ತಾನು ಅಳಿಯುವ ಮುನ್ನ ಪಕ್ಕದ ಸ್ವರವನ್ನು ಎಕಾರದ ಕಡೆಗೆ, ಮುಂದೆ ಇಕಾರದ ಕಡೆಗೆ ಒಯ್ದಿತು. ಉತ್ತರದ ಮಾತಿನಲ್ಲಿ ಇಕಾರದ ಮುಂದಿನ ಹಕಾರ ಶಕಾರವಾಯಿತು. ರಕಾರವಿಲ್ಲದ ಮಾತು 'ಹಾಂಗ್' ಆಗಿಯೇ ಉಳಿಯಿತು. ಕ್ಯಾಂಟನೀಸ್‌ನಲ್ಲಿ ಶಕಾರದ ಬದಲಾವಣೆ ಆಗಲಿಲ್ಲವಾದ್ದರಿಂದ ನಡೆಗೆ 'ಹಾಂಗ್', ಸಾಲಿಗೆ 'ಹೊಂಗ್' ಎಂದು ಎರಡರಲ್ಲೂ ಹಕಾರವೇ ಇದೆ. ಜಪಾನಿನವರು ಬೇರೆ ಬೇರೆ ಕಾಲದಲ್ಲಿ ಎರವಲು ಪಡೆದು 'ಗ್ಯೋ', 'ಕೋ', 'ಆನ್' ಎಂಬ ಮೂರು ಓದುಗಳನ್ನು ಇಟ್ಟುಕೊಂಡಿದ್ದಾರೆ. ಅವುಗಳಲ್ಲಿ ಹಳೆಯದಾದ 'ಗ್ಯೋ'ದಲ್ಲಿ ಆ ಗಕಾರ ಇನ್ನೂ ಕೇಳಿಸುತ್ತದೆ. ಬ್ಯಾಂಕು ವಿಯೆಟ್ನಾಮಿನಲ್ಲಿ 'ಙನ್ ಹಾಂಗ್', ಜಪಾನಿನಲ್ಲಿ 'ಗಿಂಕೋ', ಕೊರಿಯಾದಲ್ಲಿ 'ಉನ್ಹೆಂಗ್'. ವಿಯೆಟ್ನಾಮಿನವರು ಸಾಲಿನ ಓದನ್ನೇ ಬಳಸಿದರೆ, ಕೊರಿಯಾದವರು ಬ್ಯಾಂಕಿಗೂ ನಡೆಯ ಓದನ್ನೇ ಹಚ್ಚಿದ್ದಾರೆ. ಒಳ್ಳೆಯ ನಡತೆ ಎಂಬ ಅರ್ಥದಲ್ಲಿ 'ಶಿಂಗ್' ಅನ್ನು ಹಿಂದೆ ಇಳಿಯುವ ನಾಲ್ಕನೆಯ ಟೋನ್‌ನಲ್ಲಿ ಓದುತ್ತಿದ್ದರು. ಸಾಧಕನ ತಪೋಬಲ ಎನ್ನುವ 'ದಾವ್ ಹೆಂಗ್'ನಲ್ಲಿ ಇನ್ನೊಂದೇ ಓದು ಉಳಿದಿದೆ. ಹಾಳೆಯಲ್ಲಿ ಇವೆರಡರ ಸುಳಿವೂ ಇಲ್ಲ.

ಎರಡು ಓದುಗಳ ಅಭ್ಯಾಸಕ್ಕೆ ಆರಿಸಿದ ವಾಕ್ಯಗಳು ಮಾತ್ರ ಚೆನ್ನಾಗಿದ್ದವು. 'ಒಂದೇ' ಎಂಬ ಅರ್ಥದ 'ತೋಂಗ್' ಅಕ್ಷರದ ಜೊತೆ ಇದನ್ನು ಬರೆದು 'ತೋಂಗ್ ಶಿಂಗ್' ಎಂದು ಓದಿದರೆ ಜೊತೆಗೆ ಪ್ರಯಾಣ ಮಾಡುವುದು. ಅದೇ ಬರಹವನ್ನು 'ತೋಂಗ್ ಹಾಂಗ್' ಎಂದು ಓದಿದರೆ ಒಂದೇ ಕಸುಬಿನವರು, ಮತ್ತು ಗಾದೆಯ ಪ್ರಕಾರ ಅವರು ಪರಸ್ಪರ ಶತ್ರುಗಳು. ನಂತರ ಚೀನೀ ಮಕ್ಕಳೂ ತಡವರಿಸುವ ನಾಲಗೆ ತಿರುಚು: 'ಗನ್ ಇ ಹಾಂಗ್, ಶಿಂಗ್ ಇ ಹಾಂಗ್, ಇ ಹಾಂಗ್ ಶಿಂಗ್, ಹಾಂಗ್ ಹಾಂಗ್ ಶಿಂಗ್'. ಹಿಡಿದ ಕಸುಬಿನಲ್ಲಿ ಗೆದ್ದವನು ಎಲ್ಲ ಕಸುಬಿನಲ್ಲೂ ಗೆಲ್ಲುತ್ತಾನೆ ಎಂಬುದು ತಾತ್ಪರ್ಯ. ಕಾಗದದ ಮೇಲೆ ಶಿಂಗ್, ಹಾಂಗ್‌ಗಳೆಲ್ಲ ಒಂದೇ ಅಕ್ಷರವಾಗಿ ಸಾಲುಗಟ್ಟಿ ನಿಂತಿರುತ್ತವೆ. ಪಾತ್ರೆ ವ್ಯಾಪಾರಿಗಳು ಇದನ್ನು ನಮಗೆಲ್ಲರಿಗಿಂತ ಬೇಗ ಹಿಡಿದರು.

ಕುಂಚದ ಅಭ್ಯಾಸಕ್ಕೆ ಕೊಟ್ಟ ಸಮಯ ಅರ್ಧ ಗಂಟೆ. ಪ್ರತಿ ಚೌಕದಲ್ಲೂ ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಚುಕ್ಕೆಗೆರೆಗಳಿರುವ ಕಾಗದ ಕೊಡುತ್ತಾರೆ. ಎಡದ ಮೊದಲ ಓರೆಗೆರೆ ಎರಡನೆಯದಕ್ಕಿಂತ ಚಿಕ್ಕದಾಗಿರಬೇಕು, ಎರಡನೆಯದರ ನಡುವಿನಿಂದ ಕಂಬ ಇಳಿಯಬೇಕು, ಬಲದ ಮೇಲಿನ ಅಡ್ಡಗೆರೆ ಕೆಳಗಿನದಕ್ಕಿಂತ ಮೋಟಾಗಿರಬೇಕು; ಎರಡು ಹೋಳುಗಳ ನಡುವೆ ಬಿಡುವ ಜಾಗ ಹೆಚ್ಚಾದರೆ ಒಂದು ಅಕ್ಷರ ಎರಡಾಗುತ್ತದೆ. ಮೇಡಂ ಪ್ರತಿಯೊಬ್ಬರ ಹಿಂದೆಯೂ ನಿಂತು ತಿದ್ದಿದರು. ಆದರೆ ಕಾಗದ ಅಗ್ಗದ್ದು, ಕೊನೆಯ ಕೊಕ್ಕೆ ತಿರುಗಿಸಲು ಕುಂಚ ಒಂದು ಕ್ಷಣ ನಿಂತರೆ ಶಾಯಿ ಹರಡಿ ಕೊಕ್ಕೆಯ ಜಾಗದಲ್ಲಿ ಮಚ್ಚೆ ಮೂಡುತ್ತದೆ.

ಹಾಳೆಗಳು ನೆರಳಚ್ಚಿನ ನೆರಳಚ್ಚು; ಎಲುಬಿನ ಬರಹದ ಚಿತ್ರ ಕಪ್ಪು ಕಲೆಯಾಗಿದೆ, ಹಲಗೆಯ ಮೇಲೆ ಬರೆದದ್ದನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳದಿದ್ದರೆ ಮನೆಗೆ ಏನೂ ಬರುವುದಿಲ್ಲ. ಲಿಪಿಯ ಚರಿತ್ರೆಯಲ್ಲಿ ಆಸಕ್ತಿಯಿರುವವರು, ಸಂಸ್ಕೃತ ಅಥವಾ ಪಾಲಿ ಓದಿದವರು ಧಾರಾಳವಾಗಿ ಹೋಗಬಹುದು. ಮಾತನಾಡಲು ಕಲಿಯಬೇಕೆಂದವರಿಗೆ, ಯೀವುವಿನ ಅಂಗಡಿಯವನೊಡನೆ ದರ ಕುದುರಿಸಬೇಕಾದ ವ್ಯಾಪಾರಿಗಳಿಗೆ ಇದು ತಕ್ಕದ್ದಲ್ಲ. ಲಿಫ್ಟ್ ಇಲ್ಲದ್ದರಿಂದ ಮಂಡಿನೋವಿನವರು ಮೆಟ್ಟಿಲುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹತ್ತು ನಿಮಿಷ ಮೊದಲೇ ಹೋಗಿ ಕಿಟಕಿಯ ಕಡೆಯ ಮೊದಲ ಬೆಂಚು ಹಿಡಿಯುವುದು ಉತ್ತಮ. ಫ್ಯಾನಿನ ಸದ್ದು ಅಲ್ಲಿಗೆ ಕಡಿಮೆ, ಮೇಡಂ ಬಾಯಿಯೂ ಕಾಣುತ್ತದೆ.